ಕೋರ್ಟ್‌ಹೌಸ್ ಮೇಲೆ ಗಡಿಯಾರ ಯಾಕೆ? ವಾಕ್ಸಹ್ಯಾಚಿಯ ಕೆಂಪು ಕಲ್ಲಿನ ಕಟ್ಟಡದ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾನು ಮೈಸೂರಿನವನು, ಈಗ ಅಮೆರಿಕದ ಟೆಕ್ಸಾಸಲ್ಲಿ ಡ್ಯಾಲಸ್ ಹತ್ರ ಇದೀನಿ. ಹೋದ ತಿಂಗಳು ಮನೆಯವರ ಜೊತೆ ವಾಕ್ಸಹ್ಯಾಚಿಗೆ ಹೋಗಿದ್ವಿ. ಅಲ್ಲಿ ಊರ ಮಧ್ಯ ಎಲ್ಲಿಸ್ ಕೌಂಟಿ ಕೋರ್ಟ್‌ಹೌಸ್ ಅಂತ ಇದೆ, ಕೆಂಪು ಕಲ್ಲು, ಕೋಟೆ ತರ ಗೋಪುರ, ಮೇಲೆ ನಾಲ್ಕು ಕಡೆ ಗಡಿಯಾರ. ಅಷ್ಟು ಚಿಕ್ಕ ಊರಿಗೆ ಅಷ್ಟು ದೊಡ್ಡ ಕಟ್ಟಡ ಯಾಕೆ? ಕೋರ್ಟಿನ ಮೇಲೆ ಗಡಿಯಾರ ಯಾಕಿಡ್ತಾರೆ? ಕರೆಂಟು ಇಲ್ಲದ ಕಾಲದಲ್ಲಿ ನಾಲ್ಕು ಮುಖಾನೂ ಒಂದೇ ಟೈಮ್ ಹೇಗೆ ತೋರಿಸ್ತಿತ್ತು? ಮತ್ತೆ ಕಂಬದ ಮೇಲಿನ ವಿಕಾರ ಮುಖಗಳ ಹಿಂದೆ ಒಂದು ಲವ್ ಸ್ಟೋರಿ ಇದೆ ಅಂತ ಅಲ್ಲಿನವರೊಬ್ರು ಹೇಳಿದ್ರು, ಅದು ನಿಜಾನಾ?

ಉತ್ತರ: ತುಂಬಾ ಒಳ್ಳೆ ಕಟ್ಟಡದ ಮುಂದೆ ನಿಂತು ಸರಿಯಾದ ಪ್ರಶ್ನೆಗಳನ್ನೇ ಕೇಳಿದೀರ. ನಾನು ಹಳೇ ಕಟ್ಟಡ, ಹಳೇ ಗೋಪುರ ಗಡಿಯಾರಗಳ ರಿಪೇರಿ ಕೆಲಸದಲ್ಲಿ ಇರೋನು, ಅದಕ್ಕೆ ಸ್ವಲ್ಪ ಉದ್ದ ಆದ್ರೂ ಪರವಾಗಿಲ್ಲ ಅಂತ ಬರೀತಿದೀನಿ. ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಆ ಗೋಪುರ ಶೋಕಿಗೆ ಕಟ್ಟಿದ್ದಲ್ಲ. ನೋಡೋಕೆ ಚೆಂದ ಇರಲಿ, ದೂರದಿಂದ ಕಾಣಲಿ ಅನ್ನೋದು ಇತ್ತು ನಿಜ, ಆದ್ರೆ ಅದು ಕಟ್ಟಡದ ಬಿಸಿ ಗಾಳಿ ಹೊರಗೆ ಹಾಕ್ಬೇಕು, ಗಡಿಯಾರದ ತೂಕಗಳು ಇಳಿಯೋಕೆ ಜಾಗ ಕೊಡ್ಬೇಕು, ಗಂಟೆ ಶಬ್ದ ಊರಾಚೆ ಹೊಲದವರೆಗೂ ಮುಟ್ಟಿಸ್ಬೇಕು. ದುಡಿಯೋ ಗೋಪುರ ಅದು.

ಕೌಂಟಿ ಅಂದ್ರೆ ಏನು ಅನ್ನೋದರಿಂದ ಶುರು ಮಾಡ್ತೀನಿ, ಇಲ್ಲಿ ಊರಲ್ಲಿ ಓದೋರಿಗೂ ಗೊತ್ತಾಗಲಿ. ನಮ್ಮ ಜಿಲ್ಲೆಗೆ ಹೋಲಿಸ್ಬಹುದು ಆದ್ರೆ ಗಾತ್ರದಲ್ಲಿ ಸಾಮಾನ್ಯವಾಗಿ ಚಿಕ್ಕದು. ಟೆಕ್ಸಾಸ್ ಒಂದರಲ್ಲೇ 254 ಕೌಂಟಿ ಇವೆ. ಜಮೀನು ಪತ್ರ ರಿಜಿಸ್ಟರ್ ಮಾಡೋದು, ಮದುವೆ ಲೈಸೆನ್ಸ್, ತೆರಿಗೆ, ಕ್ರಿಮಿನಲ್ ಕೇಸು, ಸಿವಿಲ್ ಕೇಸು, ರಸ್ತೆ ಲೆಕ್ಕಾಚಾರ, ಎಲ್ಲಾ ಕೌಂಟಿ ಕೇಂದ್ರದ ಕೋರ್ಟ್‌ಹೌಸಲ್ಲೇ. ಅಂದ್ರೆ ತಾಲ್ಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಆಫೀಸು, ನ್ಯಾಯಾಲಯ ಮೂರನ್ನೂ ಒಂದೇ ಸೂರಿನಡಿ ತಂದಂಗೆ. ಹಂಗಾಗಿ ಅದನ್ನ ಊರ ಚೌಕದ ಮಧ್ಯೆ ಕಟ್ಟಿ ಸುತ್ತ ಅಂಗಡಿ ಸಾಲು ಬಿಡೋದು ಆ ಕಡೆ ಪದ್ಧತಿ, ನೀವು ನಿಂತಿದ್ದೂ ಅಂಥ ಚೌಕದಲ್ಲೇ.

ಅಷ್ಟು ದುಡ್ಡು ಎಲ್ಲಿಂದ ಬಂತು ಅಂದ್ರೆ, ಎರಡು ಕಾರಣ. 1881ರಲ್ಲಿ ಟೆಕ್ಸಾಸ್ ಶಾಸನಸಭೆ ಒಂದು ಕಾನೂನು ಮಾಡ್ತು, ಕೋರ್ಟ್‌ಹೌಸ್ ಕಟ್ಟೋಕೆ ಕೌಂಟಿಗಳು ಬಾಂಡ್ ಹೊರಡಿಸಿ ಸಾಲ ಎತ್ತಬಹುದು ಅಂತ. ಅದು ಬಂದಿದ್ದೇ ತಡ ಎಲ್ಲಾ ಕಡೆ ಹಳೇದು ಕೆಡವಿ ಕಲ್ಲಿನ ಕಟ್ಟಡ ಎಬ್ಬಿಸೋ ಪೈಪೋಟಿ ಹತ್ಕೊಳ್ತು, ಪಕ್ಕದ ಕೌಂಟಿಯವರು ಗೋಪುರ ಎತ್ತಿದ್ರೆ ನಾವು ಸುಮ್ನೆ ಇರೋದಾ ಅನ್ನೋ ಹಾಗೆ. ಎರಡನೇದು ಹತ್ತಿ. ಎಲ್ಲಿಸ್ ಕೌಂಟಿ ಕಪ್ಪು ಮಣ್ಣಿನ ಸೀಮೆ, ನಮ್ಮ ಧಾರವಾಡ, ಗದಗ ಕಡೆಯ ಎರೆ ಭೂಮಿ ನೋಡಿದವರಿಗೆ ಹೇಳೋದೇ ಬೇಡ, ಬಿರುಕು ಬಿಟ್ರೆ ಕೈ ಇಳಿಯುತ್ತೆ, ಮಳೆ ಬಂದ್ರೆ ಚಕ್ರ ಹೂತು ಹೋಗುತ್ತೆ. ಅಂಥ ಮಣ್ಣಲ್ಲಿ ಹತ್ತಿ ಬೆಳೆದು, ರೈಲು ಬಂದು, ಊರು ದುಡ್ಡು ಕಂಡ ಕಾಲ ಅದು. ಆ ದುಡ್ಡೇ ಅಲ್ಲಿ ಕಲ್ಲಾಗಿ ನಿಂತಿದೆ.

ಕಟ್ಟಿದ್ದು 1895ರಿಂದ 1897ರ ನಡುವೆ. ಆರ್ಕಿಟೆಕ್ಟ್ ಜೇಮ್ಸ್ ರೈಲಿ ಗಾರ್ಡನ್. 1863ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿ, ಸ್ಯಾನ್ ಆಂಟೋನಿಯೋದಲ್ಲಿ ಬೆಳೆದು, ದೊಡ್ಡ ಕಾಲೇಜು ಗೀಲೇಜು ಇಲ್ಲದೆ ಕೆಲಸ ಮಾಡ್ತಾ ಮಾಡ್ತಾನೇ ಕಲಿತ ಮನುಷ್ಯ. 1893ರ ಶಿಕಾಗೋ ವಿಶ್ವ ಮೇಳದಲ್ಲಿ ಟೆಕ್ಸಾಸ್ ಮಂಟಪ ಇವರದೇ ಡಿಸೈನು, ಫೀನಿಕ್ಸಲ್ಲಿ ಈಗ ಮ್ಯೂಸಿಯಂ ಆಗಿರೋ ಅರಿಜೋನಾದ ಹಳೇ ಕ್ಯಾಪಿಟಲ್, ಅಂದ್ರೆ ಶಾಸನಸಭೆ ಕಟ್ಟಡ, ಅದೂ ಇವರದೇ. ಆದ್ರೆ ಟೆಕ್ಸಾಸಲ್ಲಿ ಹೆಸರು ಉಳಿದಿರೋದು ಕೋರ್ಟ್‌ಹೌಸುಗಳಿಂದ. ಡೆಕೇಟರ್ ಅನ್ನೋ ಊರಲ್ಲಿ ವೈಸ್ ಕೌಂಟಿ ಕೋರ್ಟ್‌ಹೌಸ್ ಇದೆ, ಫೋರ್ಟ್‌ವರ್ತಿಂದ ವಾಯುವ್ಯಕ್ಕೆ, ಅದು ನೀವು ನೋಡಿದ್ದರ ಅವಳಿ ತಮ್ಮನ ಹಾಗಿದೆ. ಒಂದು ವಾರಾಂತ್ಯ ಹೋಗಿ ನೋಡಿ, ಎರಡನ್ನೂ ನೋಡಿದ್ರೆ ಯಾವುದು ಆರ್ಕಿಟೆಕ್ಟ್ ಪ್ರತಿ ಸಲ ಬಿಡದೆ ಮಾಡೋ ವಿಷಯ, ಯಾವುದು ಆಯಾ ಕೌಂಟಿಗೆ ಅಂತ ಬದಲಾಯಿಸಿದ್ದು ಅಂತ ತಾನೇ ತಿಳಿಯುತ್ತೆ.

ಆ ಶೈಲಿಗೆ ರಿಚರ್ಡ್‌ಸೋನಿಯನ್ ರೋಮನೆಸ್ಕ್ ಅಂತಾರೆ. ಹೆಸರು ಉದ್ದ, ವಿಷಯ ಸುಲಭ. ಹನ್ನೊಂದು ಹನ್ನೆರಡನೇ ಶತಮಾನದ ಫ್ರಾನ್ಸ್, ಸ್ಪೇನಿನ ಚರ್ಚುಗಳಲ್ಲಿ ದಪ್ಪ ಗೋಡೆ, ಅರ್ಧ ವೃತ್ತದ ಕಮಾನು, ಗಿಡ್ಡ ಕಂಬ ಇರ್ತಿತ್ತಲ್ಲ, ಅದನ್ನ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಅನ್ನೋ ಆರ್ಕಿಟೆಕ್ಟ್ ಅಮೆರಿಕಕ್ಕೆ ತಂದು ತನ್ನದೇ ರೀತಿ ಮಾಡಿದ್ರು. ಬಾಸ್ಟನ್ನಿನ ಟ್ರಿನಿಟಿ ಚರ್ಚ್ ಅವರದು, 1877ರಲ್ಲಿ ಮುಗಿದಿದ್ದು. ಪಿಟ್ಸ್‌ಬರ್ಗ್‌ನ ಆಲೆಗೆನಿ ಕೌಂಟಿ ಕೋರ್ಟ್‌ಹೌಸ್ ಅವರದೇ, ಅದು 1888ರಲ್ಲಿ ಮುಗಿಯೋ ಹೊತ್ತಿಗೆ ಅವರೇ ಇರಲಿಲ್ಲ, 1886ರಲ್ಲಿ 47ನೇ ವಯಸ್ಸಿಗೆ ತೀರಿಕೊಂಡಿದ್ರು. ಆ ಪಿಟ್ಸ್‌ಬರ್ಗ್ ಕಟ್ಟಡ ಆದ್ಮೇಲೆ ಅಮೆರಿಕದಲ್ಲಿ ಕೋರ್ಟ್ ಅಂದ್ರೆ ಹಿಂಗೇ ಇರ್ಬೇಕು ಅನ್ನೋ ಒಂದು ಚಿತ್ರ ಜನರ ತಲೆಯಲ್ಲಿ ಕೂತುಬಿಡ್ತು, ಒರಟು ಕಲ್ಲು, ಆಳವಾದ ಕಮಾನು, ಎತ್ತರದ ಗೋಪುರ.

ಈಗ ವಾಕ್ಸಹ್ಯಾಚಿ ಗೋಡೆ ಹತ್ರ ಹೋಗಿ ನಿಂತ್ಕೊಳ್ಳಿ, ಕಣ್ಣಳತೆಗೆ. ಎರಡು ಜಾತಿ ಕಲ್ಲು ಕಾಣುತ್ತೆ. ಒಂದು ಗ್ರಾನೈಟ್, ಬೂದು ಬಣ್ಣದ್ದು, ಗುಲಾಬಿ ಬಣ್ಣದ್ದು, ಮುಖ ನಯಸ್ಸು ಮಾಡದೆ ಉಬ್ಬಾಗಿ ಒರಟಾಗೇ ಬಿಟ್ಟಿರ್ತಾರೆ, ಬಿಸಿಲು ಓರೆ ಬಿದ್ದಾಗ ಒಂದೊಂದು ಕಲ್ಲಿಗೂ ಅದರದೇ ನೆರಳು. ಇನ್ನೊಂದು ಕೆಂಪು ಮರಳುಗಲ್ಲು, ಪಶ್ಚಿಮ ಟೆಕ್ಸಾಸಿನ ಪೇಕೋಸ್ ಕಡೆಯದ್ದು. ಗ್ರಾನೈಟ್ ಉಳಿಗೆ ಸುಲಭವಾಗಿ ಬಗ್ಗಲ್ಲ, ಅದಕ್ಕೆ ಭಾರ ಹೊರೋ ಕೆಲಸ. ಮರಳುಗಲ್ಲು ಮೆದು, ಅದಕ್ಕೆ ಪಟ್ಟಿ, ಕೆತ್ತನೆ, ಎಲೆ ಬಳ್ಳಿ, ಮುಖ ಎಲ್ಲಾ ಅದರಲ್ಲೇ. ನಮ್ಮಲ್ಲಿ ಬಾದಾಮಿಯ ಕೆಂಪು ಮರಳುಗಲ್ಲು ಮುಟ್ಟಿ ನೋಡಿದವರಿಗೆ ಆ ಕಣ ಕಣ ಸ್ಪರ್ಶ ಗೊತ್ತಿರುತ್ತೆ. ಮೆದು ಕಲ್ಲಿಗೆ ಒಂದು ಶಾಪ ಏನಂದ್ರೆ ನೀರು ಒಳಗೆ ಹೋಗಿ ಉಪ್ಪು ಸೇರಿ ಪದರ ಪದರವಾಗಿ ಉದುರುತ್ತೆ, ಅದರಲ್ಲೂ ಸಂದಿಗೆ ಯಾರಾದ್ರೂ ಸುಣ್ಣದ ಗಾರೆ ತೆಗೆದು ಗಟ್ಟಿ ಸಿಮೆಂಟ್ ತುಂಬಿದ್ರೆ ಕಥೆ ಮುಗೀತು, ನೀರಿಗೆ ಸಂದಿಯಿಂದ ಹೊರಗೆ ಬರೋಕೆ ದಾರಿ ಇಲ್ಲದೆ ಕಲ್ಲಿನ ಮುಖಾನೇ ಒಡ್ಕೊಂಡು ಬರುತ್ತೆ. ನನಗೆ ಈ ಒಂದು ವಿಷಯದಲ್ಲಿ ಎಷ್ಟು ಹೇಳಿದ್ರೂ ಸಾಲದು, ದಯವಿಟ್ಟು ಹಳೇ ಕಲ್ಲಿನ ಕಟ್ಟಡಕ್ಕೆ ಸಿಮೆಂಟ್ ಮೆತ್ತಬೇಡಿ, ಅಮೆರಿಕ ಆಗ್ಲಿ ನಮ್ಮೂರಾಗ್ಲಿ.

ಇನ್ನು ಪ್ಲಾನು. ಇದು ಗಾರ್ಡನ್ ಅವರ ನಿಜವಾದ ಬುದ್ಧಿವಂತಿಕೆ, ಹೊರಗಿನ ಗೋಪುರ ನೋಡ್ತಾ ಇದನ್ನ ಮರೀತಾರೆ ಜನ. ಟೆಕ್ಸಾಸ್ ಬೇಸಿಗೆ ನಿಮಗೆ ನಾನು ಹೇಳ್ಬೇಕಾಗಿಲ್ಲ, 38, 40 ಡಿಗ್ರಿ, ಫ್ಯಾನೂ ಇಲ್ಲ ಏಸಿನೂ ಇಲ್ಲ, ಕೋರ್ಟ್ ಹಾಲಲ್ಲಿ ಕೋಟು ಹಾಕ್ಕೊಂಡ ವಕೀಲರು, ಜ್ಯೂರಿ, ನೋಡೋಕೆ ಬಂದ ಜನ ಎಲ್ಲಾ ತುಂಬ್ಕೊಂಡಿದ್ರೆ ಹೇಗಿರುತ್ತೆ ಯೋಚ್ನೆ ಮಾಡಿ. ಗಾರ್ಡನ್ ಏನು ಮಾಡಿದ್ರು ಅಂದ್ರೆ ಕಟ್ಟಡವನ್ನ ಶಿಲುಬೆ ಆಕಾರಕ್ಕೆ, ಪ್ಲಸ್ ಗುರುತಿನ ಹಾಗೆ ಮಾಡಿದ್ರು. ನಾಲ್ಕು ಕೈಯಲ್ಲಿ ಕಚೇರಿಗಳು, ಒಂದೊಂದಕ್ಕೂ ಮೂರು ಕಡೆ ಕಿಟಕಿ. ಬಾಗಿಲುಗಳನ್ನ ಮಧ್ಯದಲ್ಲಿ ಇಡದೆ ಕೈ ಕೈ ಸೇರೋ ಮೂಲೆಗಳಲ್ಲಿ ಇಟ್ರು, ಅಲ್ಲೇ ಕಂಬಗಳ ಪಡಸಾಲೆ, ನೆರಳು. ಮತ್ತೆ ನಟ್ಟನಡುವೆ ನೆಲದಿಂದ ಮೇಲಿನವರೆಗೂ ತೆರೆದ ಬಾವಿ, ಅದರ ತಲೆ ಮೇಲೆ ಗೋಪುರ. ಕಿಟಕಿಯಿಂದ ಗಾಳಿ ಒಳಗೆ ಬರುತ್ತೆ, ಬಿಸಿ ಆಗುತ್ತೆ, ಹಗುರ ಆಗಿ ನಡುವಿನ ಬಾವಿ ಹತ್ತಿ ಗೋಪುರದ ಕಿಂಡಿಗಳಿಂದ ಹೊರಗೆ ಹೋಗುತ್ತೆ, ಅದು ಖಾಲಿ ಮಾಡಿದ ಜಾಗಕ್ಕೆ ಹೊಸ ಗಾಳಿ ಕಿಟಕಿಯಿಂದ ಮತ್ತೆ ಬರುತ್ತೆ. ಒಲೆ ಮೇಲಿನ ಹೊಗೆಗೂಡು ಹೇಗೋ ಹಂಗೆ. ಈ ಮಾದರಿಗೆ ಗಾರ್ಡನ್‌ನ ಸಿಗ್ನೇಚರ್ ಪ್ಲಾನ್ ಅಂತಾನೇ ಹೆಸರು ಬಿದ್ದಿದೆ. ಇದೇ ಗೋಪುರಾನೇ ಗಡಿಯಾರನೂ ಹೊರುತ್ತೆ, ಅದಕ್ಕೇ ನಾನು ಶುರುವಿನಲ್ಲಿ ದುಡಿಯೋ ಗೋಪುರ ಅಂದಿದ್ದು.

ಕೋರ್ಟಿನ ಮೇಲೆ ಗಡಿಯಾರ ಯಾಕೆ ಅಂದ್ರಲ್ಲ, ಇದು ನನಗೆ ಅತ್ಯಂತ ಇಷ್ಟದ ಭಾಗ.

ಕಾನೂನಿಗೆ ಟೈಮ್ ಬೇಕು. ಟೆಕ್ಸಾಸಲ್ಲಿ ಇವತ್ತಿಗೂ ಸಾಲ ಕಟ್ಟದವರ ಮನೆ, ಜಮೀನು ಹರಾಜು ಹಾಕೋದು ತಿಂಗಳ ಮೊದಲ ಮಂಗಳವಾರ, ಬೆಳಗ್ಗೆ 10ರಿಂದ ಸಂಜೆ 4ರ ಒಳಗೆ, ಕೌಂಟಿ ಕೋರ್ಟ್‌ಹೌಸಲ್ಲಿ. ನೋಟಿಸಲ್ಲಿ ಒಂದು ಟೈಮ್ ಹಾಕಿರ್ತಾರೆ, ಆ ಟೈಮಿಗಿಂತ ಮುಂಚೆ ಹರಾಜು ಕೂಗಂಗಿಲ್ಲ, ಅದಾಗಿ ಮೂರು ಗಂಟೆ ಒಳಗೆ ಶುರು ಆಗ್ಲೇಬೇಕು. ಒಬ್ಬ ರೈತನ ಹೊಲ ಹೋಗೋ ದಿನ ಅದು, ಅಲ್ಲಿ ಹತ್ತು ನಿಮಿಷ ಅಂದ್ರೆ ಹತ್ತು ನಿಮಿಷಾನೇ. ಸಾಕ್ಷಿಗೆ ಕರೆದಿರೋದು ಎಷ್ಟು ಗಂಟೆಗೆ, ಕೇಸು ಫೈಲ್ ಮಾಡೋಕೆ ಕಿಟಕಿ ಮುಚ್ಚೋದು ಎಷ್ಟಕ್ಕೆ, ಇದೆಲ್ಲಾ ಎಲ್ಲರಿಗೂ ಕಾಣೋ ಒಂದು ಗಡಿಯಾರದ ಪ್ರಕಾರ ನಡೀಬೇಕಲ್ವಾ, ಗುಮಾಸ್ತನ ಜೇಬಿನ ಗಡಿಯಾರದ ಪ್ರಕಾರ ಅಲ್ಲ. ಆಗ ಎಲ್ಲರ ಹತ್ರ ವಾಚ್ ಇರಲಿಲ್ಲ ಅನ್ನೋದು ನೆನಪಿರಲಿ, ಇಂಗರ್ಸಾಲ್ ಕಂಪನಿ ಒಂದು ಡಾಲರ್‌ಗೆ ಜೇಬು ಗಡಿಯಾರ ಮಾರೋಕೆ ಶುರು ಮಾಡಿದ್ದೇ 1896ರಲ್ಲಿ, ಅಂದ್ರೆ ಈ ಗೋಪುರ ಏಳ್ತಿರೋ ಹೊತ್ತಿಗೆ. ಅದಕ್ಕಿಂತ ಮುಂಚೆ ಹತ್ತಿ ಬಿಡಿಸೋ ಕೂಲಿಗೆ, ಗೇಣಿ ರೈತನಿಗೆ ನಂಬೋಕೆ ಇದ್ದಿದ್ದು ಬಿಸಿಲು ಮತ್ತೆ ಗಂಟೆ ಸದ್ದು.

ಇದರಲ್ಲಿ ಇನ್ನೊಂದು ಸಂಗತಿ ಇದೆ, ಕೇಳಿದ್ರೆ ಆಶ್ಚರ್ಯ ಆಗುತ್ತೆ. ಮೊದಲು ಅಮೆರಿಕದಲ್ಲಿ ಊರೂರಿಗೂ ಬೇರೆ ಟೈಮು, ಸೂರ್ಯ ನೆತ್ತಿಗೆ ಬಂದಾಗ ಹನ್ನೆರಡು. ರೈಲ್ವೆ ಕಂಪನಿಗಳಿಗೆ ಇದು ತಲೆನೋವಾಗಿ 1883ರ ನವೆಂಬರ್ 18ಕ್ಕೆ ಅವೇ ಸೇರಿ ಸ್ಟ್ಯಾಂಡರ್ಡ್ ಟೈಮ್, ಅಂದ್ರೆ ಒಂದು ವಲಯಕ್ಕೆಲ್ಲಾ ಒಂದೇ ಟೈಮು, ಶುರು ಮಾಡಿದ್ವು. ಸರ್ಕಾರ ಅಲ್ಲ, ಕಂಪನಿಗಳು. ಫೆಡರಲ್ ಕಾನೂನು ಬಂದಿದ್ದು 1918ರಲ್ಲಿ. ನಡುವಿನ 35 ವರ್ಷ ಎಲ್ಲಾ ಕಡೆ ಗೊಂದಲ, ಒಪ್ಪಂದದಲ್ಲಿ ಮಧ್ಯಾಹ್ನ ಅಂತ ಇದ್ರೆ ಯಾವ ಮಧ್ಯಾಹ್ನ, ರಾತ್ರಿ ಹನ್ನೆರಡು ಅಂದ್ರೆ ಯಾವ ಹನ್ನೆರಡು ಅಂತ ಕೇಸುಗಳೇ ನಡೆದ್ವು. ಟೆಕ್ಸಾಸಿನ ಮೇಲಿನ ಕೋರ್ಟುಗಳು ಆ ಕಾಲದಲ್ಲಿ ಹೇಳಿದ್ದು, ಕಾನೂನಿಗೆ ಗೊತ್ತಿರೋದು ಸೂರ್ಯನ ಟೈಮು, ರೈಲ್ವೆ ಟೈಮಲ್ಲ ಅಂತ. ವಾಕ್ಸಹ್ಯಾಚಿಗೆ ಇದರಿಂದ ಎಷ್ಟು ವ್ಯತ್ಯಾಸ ಬರುತ್ತೆ ಲೆಕ್ಕ ಹಾಕಿ. ಅದು ಸುಮಾರು 96.85 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿದೆ, ಆ ಊರು ಸೇರೋ ಸೆಂಟ್ರಲ್ ಟೈಮ್ ವಲಯದ ಲೆಕ್ಕ 90 ಡಿಗ್ರಿಗೆ. ಒಂದು ಡಿಗ್ರಿಗೆ 4 ನಿಮಿಷ, ಅಂದ್ರೆ ಸರಾಸರಿ 27 ನಿಮಿಷದ ಮೇಲೆ ಚೂರು. ರೈಲ್ವೆ ಗಡಿಯಾರ ಹನ್ನೆರಡು ಅಂದಾಗ ಅಲ್ಲಿನ ಸೂರ್ಯನಿಗೆ ಇನ್ನೂ ಹನ್ನೊಂದೂವರೆ. ಕೆಳಗೆ ಜಡ್ಜ್ ಹೇಳೋ ಹನ್ನೆರಡಕ್ಕೂ ಸ್ಟೇಷನ್ ಮಾಸ್ಟರ್ ಹೇಳೋ ಹನ್ನೆರಡಕ್ಕೂ ಸುಮಾರು ಅರ್ಧ ಗಂಟೆ ಅಂತರ ಇರೋಕೆ ಸಾಧ್ಯ ಇದ್ದ ಕಾಲದಲ್ಲಿ ಊರ ಮಧ್ಯ ಕೋರ್ಟ್ ಮೇಲೆ ಒಂದು ಗಡಿಯಾರ ಹತ್ತಿಸೋದು ಸಣ್ಣ ಮಾತಲ್ಲ, ಇಲ್ಲಿ ಇದೇ ಟೈಮು ಅಂತ ಸಾರಿ ಹೇಳಿದಂಗೆ. ನೀವೇ ಒಂದು ಬೇಸಿಗೆ ದಿನ ಆ ಚೌಕದಲ್ಲಿ ಕೋಲು ನೆಟ್ಟು ನೋಡಿ, ಬೇಸಿಗೆಗೆ ಅಂತ ಗಡಿಯಾರ ಮುಂದೆ ಇಡೋ ಡೇಲೈಟ್ ಸೇವಿಂಗ್ ಒಂದು ಗಂಟೆನೂ ಸೇರಿ, ನೆರಳು ಅತಿ ಗಿಡ್ಡ ಆಗೋದು ಮಧ್ಯಾಹ್ನ ಒಂದೂವರೆ ಆಸುಪಾಸು.

ಸರಿ, ಈಗ ಯಂತ್ರಕ್ಕೆ ಬರ್ತೀನಿ. ಆ ಕಾಲದಲ್ಲಿ ಅಮೆರಿಕದಲ್ಲಿ ಗೋಪುರ ಗಡಿಯಾರ ಅಂದ್ರೆ ಎರಡು ದೊಡ್ಡ ಹೆಸರು, ಬಾಸ್ಟನ್ನಿನ ಇ. ಹೊವಾರ್ಡ್ ಮತ್ತೆ ಕನೆಕ್ಟಿಕಟ್‌ನ ಸೆತ್ ಥಾಮಸ್. ಕರೆಂಟು ಬೇಡ, ಬೇಕಾಗಿರೋದು ಭಾರ ಮತ್ತೆ ಎತ್ತರ. ಒಂದು ಎರಕದ ಕಬ್ಬಿಣದ ಚೌಕಟ್ಟಲ್ಲಿ ಎರಡು ಸಾಲು ಹಲ್ಲು ಚಕ್ರ ಇರ್ತಾವೆ, ಒಂದು ಟೈಮ್ ನಡೆಸೋಕೆ ಇನ್ನೊಂದು ಗಂಟೆ ಬಾರಿಸೋಕೆ. ಒಂದೊಂದಕ್ಕೂ ಒಂದು ಡ್ರಮ್, ಡ್ರಮ್ಮಿಗೆ ಸುತ್ತಿದ ಹಗ್ಗ, ಹಗ್ಗದ ತುದಿಗೆ ತೂಕ, ಆ ತೂಕ ವಾರ ಪೂರ್ತಿ ಗೋಪುರದೊಳಗೆ ಇಂಚಿಂಚಾಗಿ ಇಳಿತಾ ಹೋಗುತ್ತೆ. ವಾರಕ್ಕೊಂದು ಸಲ ಒಬ್ಬ ಮನುಷ್ಯ ಹತ್ತಿ ಕೈ ಹಿಡಿ ಹಾಕಿ ತಿರುಗಿಸಿ ತೂಕ ಮೇಲಕ್ಕೆ ಎತ್ತಬೇಕು. ಬಾರಿಸೋ ಕಡೆ ತೂಕ ಯಾವಾಗಲೂ ಜಾಸ್ತಿ, ಯಾಕಂದ್ರೆ ಅದು ಸುತ್ತಿಗೆ ಎತ್ತಿ ಎತ್ತಿ ಬಿಡ್ಬೇಕು, ದಿನಕ್ಕೆ 156 ಸಲ. ಒಂದರಿಂದ ಹನ್ನೆರಡರವರೆಗೆ ಕೂಡಿದ್ರೆ 78, ಹಗಲಿಗೊಂದು ರಾತ್ರಿಗೊಂದು. ತೂಕದ ದಾರಿ ಕೆಳಗೆ ಮರಳು ತುಂಬಿದ ಪೆಟ್ಟಿಗೆ ಇಡೋದು ರೂಢಿ, ಹಗ್ಗ ಕಡಿದ್ರೆ ಕೆಳಗಿನ ಕಚೇರಿಯವರ ತಲೆ ಮೇಲೆ ಬೀಳದೆ ಅಲ್ಲಿ ಹೂತುಕೊಳ್ಳಲಿ ಅಂತ.

ತೂಕ ಸುಮ್ನೆ ಬಿಟ್ರೆ ಸರ್ರನೆ ಇಳಿದುಬಿಡುತ್ತೆ, ಅದನ್ನ ಹೆಜ್ಜೆ ಹೆಜ್ಜೆಗೆ ತಡೆಯೋದು ಪೆಂಡುಲಂ. ಒಂದು ಮೀಟರ್‌ಗೆ ಒಂಚೂರು ಕಮ್ಮಿ ಉದ್ದದ ಪೆಂಡುಲಂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗೋಕೆ ಒಂದು ಸೆಕೆಂಡ್ ತಗೊಳ್ಳುತ್ತೆ, ಎರಡು ಸೆಕೆಂಡ್ ಬೇಕಂದ್ರೆ ಸುಮಾರು ನಾಲ್ಕು ಮೀಟರ್ ಉದ್ದ ಬೇಕು, ಎರಡು ಪಟ್ಟಲ್ಲ ನಾಲ್ಕು ಪಟ್ಟು. ಗೋಪುರ ಗಡಿಯಾರದಲ್ಲಿ ಉದ್ದ, ಭಾರದ ಪೆಂಡುಲಂ ಇದ್ದಷ್ಟೂ ಒಳ್ಳೇದು, ಗಾಳಿಗೆ ಕುಲುಕಾಟಕ್ಕೆ ಜಗ್ಗಲ್ಲ. ತೊಂದರೆ ಬಿಸಿಲಿಂದ. ಉಕ್ಕಿನ ಕಂಬಿ ಬೇಸಿಗೆಯಲ್ಲಿ ಉದ್ದ ಆಗುತ್ತೆ, ಗಡಿಯಾರ ಹಿಂದೆ ಬೀಳುತ್ತೆ. ಚಳಿಗಾಲಕ್ಕೂ ಬೇಸಿಗೆಗೂ ಗೋಪುರದೊಳಗೆ 25 ಡಿಗ್ರಿ ವ್ಯತ್ಯಾಸ ಅಂತ ಇಟ್ಕೊಂಡ್ರೆ ದಿನಕ್ಕೆ ಸುಮಾರು 12 ಸೆಕೆಂಡ್ ತಪ್ಪು, ತಿಂಗಳಿಗೆ ಆರು ನಿಮಿಷ. ಅದಕ್ಕೇ ಹಳಬರು ಚೆನ್ನಾಗಿ ಒಣಗಿದ, ಎಣ್ಣೆ ಕುಡಿಸಿದ ಮರದ ಕಂಬಿ ಹಾಕ್ತಿದ್ರು, ನಾರಿನ ಉದ್ದಕ್ಕೆ ಮರ ಬಿಸಿಗೆ ಹಿಗ್ಗೋದು ಉಕ್ಕಿನ ಅರ್ಧಕ್ಕಿಂತ ಕಮ್ಮಿ. ಎಷ್ಟು ಸರಳ ಉಪಾಯ ನೋಡಿ. ಉಳಿದ ಸಣ್ಣ ತಿದ್ದುಪಡಿಗೆ ಪೆಂಡುಲಂ ಮೇಲೆ ಚಿಕ್ಕ ಚಿಕ್ಕ ತೂಕ ಇಡೋದು, ಲಂಡನ್ನಿನ ಬಿಗ್ ಬೆನ್ ಗಡಿಯಾರದಲ್ಲಿ ಹಳೇ ಪೆನ್ನಿ ನಾಣ್ಯ ಇಡ್ತಾರಲ್ಲ, ಒಂದು ನಾಣ್ಯಕ್ಕೆ ದಿನಕ್ಕೆ 0.4 ಸೆಕೆಂಡ್ ಮುಂದೆ ಹೋಗುತ್ತೆ.

ನಾಲ್ಕು ಮುಖ ಒಂದೇ ಟೈಮ್ ಹೇಗೆ ಅಂತ ಕೇಳಿದ್ರಿ. ಉತ್ತರ ಏನಂದ್ರೆ ಅಲ್ಲಿ ನಾಲ್ಕು ಗಡಿಯಾರ ಇಲ್ಲವೇ ಇಲ್ಲ, ಒಂದೇ ಗಡಿಯಾರ. ಯಂತ್ರದಿಂದ ಒಂದು ಕಬ್ಬಿಣದ ಸರಳು ನೆಟ್ಟಗೆ ಮೇಲಕ್ಕೆ ಹೋಗುತ್ತೆ, ಡಯಲ್‌ಗಳ ಮಟ್ಟಕ್ಕೆ ಬಂದ ಕೂಡಲೇ ಗೋಪುರದ ನಟ್ಟನಡುವೆ ಓರೆ ಹಲ್ಲಿನ ಚಕ್ರಗಳ ಒಂದು ಗೊಂಚಲು, ಅಲ್ಲಿಂದ ನಾಲ್ಕು ದಿಕ್ಕಿಗೆ ನಾಲ್ಕು ಅಡ್ಡ ಸರಳು, ಗಂಟೆಗೊಂದು ಸುತ್ತು. ಪ್ರತಿ ಡಯಲ್ ಹಿಂದೆ ಇನ್ನೊಂದು ಸಣ್ಣ ಚಕ್ರದ ಜೋಡಣೆ, ನಿಮಿಷದ ಮುಳ್ಳಿನ ಹನ್ನೆರಡು ಸುತ್ತನ್ನ ಗಂಟೆ ಮುಳ್ಳಿನ ಒಂದು ಸುತ್ತು ಮಾಡೋಕೆ. ಅಷ್ಟೇ. ಒಳಗಿಂದ ನಿಂತು ನೋಡಿದ್ರೆ ಮುಳ್ಳಿನ ನೆರಳು ಉಲ್ಟಾ ತಿರುಗುತ್ತೆ, ಮೊದಲ ಸಲ ನೋಡಿದಾಗ ನನಗೆ ಒಂದು ನಿಮಿಷ ತಲೆ ತಿರುಗಿತ್ತು. ಮೇಲಿದ್ದವರಿಗೆ ಹೊರಗಿನ ಮುಖ ಕಾಣಲ್ಲ ಅಂತ ಯಂತ್ರದ ಮೇಲೇ ಅಂಗೈ ಅಗಲದ ಒಂದು ಪುಟ್ಟ ಡಯಲ್ ಇರುತ್ತೆ, ಅದನ್ನ ನೋಡ್ಕೊಂಡೇ ಹೊರಗಿನ ದೊಡ್ಡ ಮುಳ್ಳು ಹೊಂದಿಸೋದು.

ಆದ್ರೂ ಯಾವುದೇ ನಾಲ್ಕು ಮುಖದ ಗೋಪುರ ಸುತ್ತು ಹಾಕಿ ನೋಡಿ, ಒಂದು ಮುಖಕ್ಕೂ ಇನ್ನೊಂದಕ್ಕೂ ಅರ್ಧ ನಿಮಿಷ ಒಂದು ನಿಮಿಷ ವ್ಯತ್ಯಾಸ ಕಂಡರೂ ಕಾಣಬಹುದು. ಅದು ಹಲ್ಲು ಹಲ್ಲಿನ ನಡುವಿನ ಸಡಿಲ. ಮುಳ್ಳಿಗೆ ಹಿಂದುಗಡೆ ಸಮತೂಕ ಸರಿಯಾಗಿ ಕಟ್ಟಿರದಿದ್ರೆ ಹನ್ನೆರಡು ದಾಟಿ ಇಳಿಯೋವಾಗ ಮುಳ್ಳು ತನ್ನ ಭಾರಕ್ಕೆ ತಾನೇ ಒಂಚೂರು ಮುಂದೆ ಜಾರುತ್ತೆ, ಆರು ದಾಟಿ ಹತ್ತೋವಾಗ ಹಿಂದೆ ಜೋತು ಬೀಳುತ್ತೆ. ಜೋರು ಗಾಳಿ ಬಡಿಯೋ ಕಡೆ ಮುಖಕ್ಕೆ ಇದು ಇನ್ನೂ ಜಾಸ್ತಿ. ನಿಮ್ಮ ಮೈಸೂರಿನ ದೊಡ್ಡ ಗಡಿಯಾರ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿ ಹಬ್ಬಕ್ಕೆ 1927ರಲ್ಲಿ ಕಟ್ಟಿದ್ದು, ಅದರ ಕೆಳಗೆ ನಿಂತಾಗಲೂ ಕಾಲು ಗಂಟೆ ಮತ್ತೆ ಮುಕ್ಕಾಲು ಗಂಟೆ ಹೊತ್ತಿಗೆ ಮುಖ ಮುಖ ಹೋಲಿಸಿ ನೋಡೋ ಅಭ್ಯಾಸ ಮಾಡ್ಕೊಳ್ಳಿ, ಮುಳ್ಳು ಅಡ್ಡ ಇದ್ದಾಗಲೇ ಜೋತು ಬಿದ್ದಿದ್ದು ಚೆನ್ನಾಗಿ ಗೊತ್ತಾಗೋದು.

ಗಂಟೆ ಬಾರಿಸೋ ಕಡೆ ಲೆಕ್ಕ ಇಡೋದು ಒಂದು ಚಕ್ರ, ಅಂಚಿನಲ್ಲಿ ಕಚ್ಚುಗಳು, ಕಚ್ಚಿಂದ ಕಚ್ಚಿಗೆ ಅಂತರ ಬೆಳೀತಾ ಹೋಗುತ್ತೆ, ಒಂದಕ್ಕೆ ಚಿಕ್ಕದು ಹನ್ನೆರಡಕ್ಕೆ ದೊಡ್ಡದು. ಒಂದು ಸನ್ನೆ, ಅಂದ್ರೆ ಲಿವರ್, ಕಚ್ಚಿಗೆ ಬಿದ್ರೆ ಬಾರಿಸೋದು ನಿಲ್ಲುತ್ತೆ. ಇದಕ್ಕೆ ಮುಳ್ಳು ಎಲ್ಲಿದೆ ಅಂತ ಗೊತ್ತಿಲ್ಲ, ಹೋದ ಸಲ ಆರು ಹೊಡೆದಿದ್ರೆ ಈ ಸಲ ಏಳು, ಅಷ್ಟೇ ಇದರ ವಿದ್ಯೆ. ಒಂದೂರಲ್ಲಿ, ಹೆಸರು ಬೇಡ, ಮೂರು ಗಂಟೆಗೆ ಐದು ಹೊಡೀತಿದೆ ಏನೋ ದೋಷ ಆಗಿದೆ ಅಂತ ನನ್ನ ಕರೆಸಿದ್ರು. ಮೇಲೆ ಹೋಗಿ ನೋಡಿದ್ರೆ ಯಂತ್ರಕ್ಕೆ ಏನೂ ಆಗಿರಲಿಲ್ಲ, ಯಾರೋ ಟೈಮ್ ಸರಿ ಮಾಡೋಕೆ ಹೋಗಿ ಬಾರಿಸೋ ಕಡೆಯನ್ನ ಎರಡು ಸಲ ಕೈಯಲ್ಲಿ ಎತ್ತಿ ಬಿಟ್ಟಿದ್ರು. ಸನ್ನೆ ಎತ್ತಿ, ಆರರಿಂದ ಹಿಡಿದು ಮತ್ತೆ ಒಂದು, ಎರಡು, ಮೂರು ಬರೋವರೆಗೂ ಬಾರಿಸ್ತಾ ಹೋದೆ, ಕೆಳಗೆ ಬಸ್ ಸ್ಟ್ಯಾಂಡಲ್ಲಿ ಜನ ಎಲ್ಲಾ ಕತ್ತೆತ್ತಿ ನೋಡ್ತಿದ್ರು. ಆ ಯಂತ್ರದ ಚಕ್ರಗಳಿಗೆ ಲಾರಿಗೆ ಹಾಕೋ ಗ್ರೀಸನ್ನ ಬೊಗಸೆಗಟ್ಟಲೆ ಮೆತ್ತಿದ್ರು, ಪಾರಿವಾಳದ ಪುಕ್ಕ, ಧೂಳು ಎಲ್ಲಾ ಅಂಟಿ ಕರೀ ಹಲ್ವ ತರ ಆಗಿತ್ತು. ಹಲ್ಲುಗಳಿಗೆ ಎಣ್ಣೆನೇ ಬೇಡ, ಅಚ್ಚು ಕೂರೋ ಗುಳಿಗೆ ಒಂದು ಹನಿ ಸಾಕು. ಅದನ್ನ ಉಜ್ಜಿ ತೆಗೆಯೋಕೆ ನನಗೆ ಮೂರು ದಿನ ಹಿಡೀತು. ಇನ್ನೊಂದು ನೋಡ್ಬೇಕಾದ ವಿಷಯ, ಸುತ್ತಿಗೆ ಹೊಡೆದ ಮೇಲೆ ಗಂಟೆಗೆ ಒರಗಿ ನಿಲ್ಲಬಾರದು, ಒಂದು ಸ್ಪ್ರಿಂಗ್ ಅದನ್ನ ಬೆರಳಗಲ ಮೇಲೆ ಹಿಡಿದಿಡುತ್ತೆ, ಆ ಸ್ಪ್ರಿಂಗ್ ಸೋತ್ರೆ ಢಣ್ ಅನ್ನೋ ನಾದ ಹೋಗಿ ತಗಡು ಬಡಿದ ಹಾಗೆ ಆಗುತ್ತೆ.

ಈಗ ಮುಖಗಳ ಕಥೆ. ನಿಮಗೆ ಅಲ್ಲಿನವರು ಹೇಳಿದ್ದು ಇದೇ ಇರ್ಬೇಕು: ಹ್ಯಾರಿ ಹರ್ಲಿ ಅನ್ನೋ ಶಿಲ್ಪಿ ಕೆತ್ತನೆ ಕೆಲಸಕ್ಕೆ ಬಂದ, ಮೇಬಲ್ ಫ್ರೇಮ್ ಅನ್ನೋ ಊರ ಹುಡುಗಿ ಮೇಲೆ ಮನಸ್ಸಾಯ್ತು, ಮೊದಮೊದಲು ಅವಳ ಮುಖಾನೇ ಚೆಂದವಾಗಿ ಕಂಬದ ತಲೆಗೆ ಕೆತ್ತಿದ, ಅವಳು ಒಲ್ಲೆ ಅಂದಳು, ಆಮೇಲೆ ಕೆತ್ತಿದ ಮುಖ ಒಂದಕ್ಕಿಂತ ಒಂದು ವಿಕಾರ ಆಗ್ತಾ ಹೋಯ್ತು. ಕಥೆ ಕೇಳೋಕೆ ಎಷ್ಟು ಚೆನ್ನಾಗಿದೆ, ಪಡಸಾಲೆಯಿಂದ ಪಡಸಾಲೆಗೆ ನಡೀತಾ ಮುಖ ನೋಡ್ತಾ ಹೋದ್ರೆ ನಂಬಬೇಕು ಅನ್ಸುತ್ತೆ. ಆದ್ರೆ ಇತಿಹಾಸಕಾರರು ಇದನ್ನ ಒಪ್ಪಲ್ಲ, ದಾಖಲೆ ಇದಕ್ಕೆ ಆಸರೆ ಕೊಡಲ್ಲ. ನನ್ನ ಅಭಿಪ್ರಾಯವೂ ಅದೇ, ಕಾರಣ ಕೆತ್ತನೆಯಲ್ಲೇ ಇದೆ. ರೋಮನೆಸ್ಕ್ ಶೈಲಿಯಲ್ಲಿ ಕಂಬದ ತಲೆಗೆ ಹಲ್ಲು ಕಿರಿಯೋ ಮುಖ, ಎಲೆ ಮಧ್ಯದಿಂದ ಇಣುಕೋ ಮುಖ ಇಡೋದು ಎಂಟು ನೂರು ವರ್ಷದ ಹಳೇ ಪದ್ಧತಿ. ನಮ್ಮ ದೇವಸ್ಥಾನಗಳಲ್ಲಿ ಕೀರ್ತಿಮುಖ ಕಣ್ಣು ಬಿಟ್ಕೊಂಡು ಹಲ್ಲು ತೋರಿಸುತ್ತೆ ಅಂತ ಶಿಲ್ಪಿಗೆ ಪ್ರೇಮ ವೈಫಲ್ಯ ಆಗಿತ್ತು ಅಂತೀವಾ? ಕಲ್ಲು ಕೆಲಸದವನಿಗೆ ಅಂದಿನ ಕೂಲಿ ಅಂದು, ಆರ್ಕಿಟೆಕ್ಟ್ ಡ್ರಾಯಿಂಗ್ ಎದುರಿಗಿದೆ, ಮೇಲ್ವಿಚಾರಕ ಇದಾನೆ, ಅದರ ನಡುವೆ ಸಿಕ್ಕ ಸ್ವಾತಂತ್ರ್ಯದಲ್ಲಿ ಒಂದೊಂದು ಮುಖಾನೂ ಬೇರೆ ಬೇರೆ ಮಾಡಿದಾರಲ್ಲ, ನನಗೆ ಅದು ಲವ್ ಸ್ಟೋರಿಗಿಂತ ದೊಡ್ಡದಾಗಿ ಕಾಣುತ್ತೆ. ಆ ಹುಡುಗಿ ಹೆಸರನ್ನ ನೂರು ವರ್ಷ ಸುಮ್ನೆ ಎಳೆದಾಡಿದ್ದು ನ್ಯಾಯ ಅಲ್ಲ ಅಂತಾನೂ ಅನ್ಸುತ್ತೆ.

ಈ ಕಟ್ಟಡಗಳು ಉಳಿದಿದ್ದು ತಾನಾಗೇ ಅಲ್ಲ. ನಡುವಿನ ದಶಕಗಳಲ್ಲಿ ಟೆಕ್ಸಾಸಿನ ಎಷ್ಟೋ ಕೋರ್ಟ್‌ಹೌಸುಗಳ ಒಳಗೆ ಫಾಲ್ಸ್ ಸೀಲಿಂಗ್ ಹೊಡೆದು, ಎತ್ತರದ ಹಾಲ್ ಎರಡು ಮಹಡಿ ಮಾಡಿ, ಬಾವಿ ಮುಚ್ಚಿ, ಕಿಟಕಿಗೆ ಏಸಿ ತೂರಿಸಿ ಉಸಿರು ಕಟ್ಟಿಸಿದ್ರು. ಗಡಿಯಾರಗಳಿಗೂ ಅದೇ ಗತಿ, ವಾರ ವಾರ ಯಾರು ಹತ್ತೋದು ಅಂತ ಡಯಲ್ ಹಿಂದೆ ಕರೆಂಟ್ ಮೋಟಾರ್ ಕೂರಿಸಿ ಹಳೇ ಯಂತ್ರ ಮೂಲೆಗೆ ಅಥವಾ ಗುಜರಿಗೆ. 1993ರ ಹೊಸ ವರ್ಷದ ದಿನ ಪಕ್ಕದ ಹಿಲ್ಸ್‌ಬರೋದಲ್ಲಿ ಹಿಲ್ ಕೌಂಟಿ ಕೋರ್ಟ್‌ಹೌಸ್, 1890ರದ್ದು, ಡಾಡ್ಸನ್ ಅನ್ನೋ ಆರ್ಕಿಟೆಕ್ಟ್ ಕಟ್ಟಿದ್ದು, ಬೆಂಕಿಗೆ ಹೊತ್ತಿ ಉರೀತು, ಗಡಿಯಾರದ ಗೋಪುರ ಕುಸಿದು ಬಿತ್ತು. ಆ ಊರಿನ ಜನ ಬಿಡಲಿಲ್ಲ, ಅದೇ ಕೌಂಟಿಯಲ್ಲಿ ಹುಟ್ಟಿದ ಗಾಯಕ ವಿಲ್ಲಿ ನೆಲ್ಸನ್ ದುಡ್ಡು ಕೂಡಿಸೋಕೆ ಹಾಡಿದ್ರು, 1999ರಲ್ಲಿ ಗೋಪುರ ಸಮೇತ ಮತ್ತೆ ಎದ್ದು ನಿಂತ್ತು. ಅದೇ 1999ರಲ್ಲಿ ಟೆಕ್ಸಾಸ್ ರಾಜ್ಯ ಹಳೇ ಕೋರ್ಟ್‌ಹೌಸ್ ಉಳಿಸೋಕೆ ಅಂತಾನೇ ಒಂದು ಅನುದಾನ ಯೋಜನೆ ಶುರು ಮಾಡ್ತು, ಅದರಲ್ಲಿ ಎಲ್ಲಿಸ್ ಕೌಂಟಿ ಕಟ್ಟಡಾನೂ ರಿಪೇರಿ ಆಗಿ 2002ರಲ್ಲಿ ಜನರಿಗೆ ಮತ್ತೆ ತೆರೀತು. ನೀವು ಹೋದಾಗ ಅಷ್ಟು ಕಳೆಕಳೆಯಾಗಿ ಕಂಡಿದ್ದಕ್ಕೆ ಅದೇ ಕಾರಣ.

ಮುಂದಿನ ಸಲ ಹೋದಾಗ ಬೆಳಗಿನ ಹೊತ್ತು ಹೋಗಿ, ಬಿಸಿಲು ಓರೆ ಇರ್ಬೇಕು. ಮೊದಲು ಮೂಲೆ ಪಡಸಾಲೆ ಕಂಬಗಳ ತಲೆ ನೋಡಿ, ಮಕ್ಕಳಿದ್ರೆ ಮುಖ ಎಣಿಸೋಕೆ ಬಿಡಿ. ಆಮೇಲೆ ಚೌಕದ ಆಚೆ ರಸ್ತೆಗೆ ದಾಟಿ ಹಿಂದೆ ಹಿಂದೆ ಹೋಗ್ತಾ ಬನ್ನಿ, ಕೆಳಗಿನ ಬೂದು ಕಲ್ಲಿನಿಂದ ಕಣ್ಣು ಕೆಂಪು ಪಟ್ಟಿ ಹತ್ತಿ ಹತ್ತಿ ಡಯಲ್‌ಗೆ ಹೋಗಿ ಮುಟ್ಟೋ ಒಂದು ಜಾಗ ಸಿಗುತ್ತೆ. 10ಕ್ಕೆ ಇನ್ನೂ ಕಾಲು ಗಂಟೆ ಇದೆ ಅನ್ನೋವಾಗ ಒಂದು ಸುತ್ತು ಹಾಕಿ ನಾಲ್ಕೂ ಮುಖ ನೋಡ್ಕೊಂಡು ಬನ್ನಿ, ತಿಂಗಳ ಮೊದಲ ಮಂಗಳವಾರ ಆಗಿದ್ರೆ ಕೋರ್ಟ್‌ಹೌಸ್ ಹತ್ರ ಕೈಯಲ್ಲಿ ನೋಟಿಸ್ ಹಿಡ್ಕೊಂಡು ಟೈಮ್‌ಗೆ ಕಾಯ್ತಾ ನಿಂತಿರೋ ಜನಾನೂ ಕಾಣಬಹುದು.